ಎರಡು ಚಾ ಹೊತ್ತಿನ ಸೂಜಿ

ನನ್ನ ಕಸುಬಿನಲ್ಲಿ ಒಂದು ಹೊತ್ತು ಬರುತ್ತದೆ, ಆಗ ಏನೂ ಆಗಬಾರದು. ಕಾರಿನ ಎ.ಸಿ.ಯೊಳಗಿನ ಗ್ಯಾಸನ್ನು ಪೂರ್ತಿ ಎಳೆದು ಸಿಲಿಂಡರಿಗೆ ತುಂಬಿಟ್ಟು, ಕೆಟ್ಟ ಭಾಗ ಬದಲಿಸಿ, ಆಮೇಲೆ ಪಂಪು ಹಚ್ಚಿ ಪೈಪುಗಳೊಳಗಿನ ಗಾಳಿಯನ್ನೂ ತೇವವನ್ನೂ ಹೊರಗೆ ಹಾಕಿ, ಎರಡೂ ವಾಲ್ವು ಮುಚ್ಚಿದ ಮೇಲೆ ಬರುವ ಹೊತ್ತು ಅದು. ಪಂಪು ಬಂದ್ ಆಗಿರುತ್ತದೆ. ಗೇಜಿನ ಸೂಜಿ ಸೊನ್ನೆಯ ಕೆಳಗೆ ತಲೆ ತಗ್ಗಿಸಿ ನಿಂತಿರುತ್ತದೆ. ಅದು ನಿಂತೇ ಇದ್ದರೆ ಕೆಲಸ ಸರಿಯಾಗಿದೆ. ಕದಲಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗೆ ನೀರಿನಂಶ ಉಳಿದಿದೆ. ಬೀದರಿನಿಂದ ಕೊಳಾರಕ್ಕೆ ಹೋಗುವ ರಸ್ತೆಯ ಮೇಲೆ ತಗಡಿನ ಶೆಡ್ಡು ಹಾಕಿಕೊಂಡು ಇಷ್ಟು ವರ್ಷ ನಾನು ಸಂಸಾರ ನಡೆಸಿದ್ದು ಈ ಸೂಜಿ ಕದಲದಿರುವುದನ್ನು ನೋಡಿ ನೋಡಿ. ಇಷ್ಟು ನಿಷ್ಠೆಯಿಂದ ಏನೂ ಆಗದಂತೆ ಕಾದು ಕೂಡುವವರು ನನ್ನನ್ನು ಬಿಟ್ಟರೆ ಕಚೇರಿಗಳಲ್ಲಿ ಫೈಲು ಇಟ್ಟುಕೊಂಡವರು ಮಾತ್ರ.

ಹೀಗೆ ಕಾಯುವುದನ್ನು ನನಗೆ ಕಲಿಸಿದವರು ಭಾಲ್ಕಿಯ ನನ್ನ ಉಸ್ತಾದರು. ಹಣೆಯ ಮೇಲೆ ಮೂರೆಳೆ ವಿಭೂತಿ, ಕೊರಳಲ್ಲಿ ಲಿಂಗ, ಊರೆಲ್ಲ ಕರೆಯುವುದು ಉಸ್ತಾದ್. ನಮ್ಮ ಕಡೆ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿಸಿದವನು ಯಾವ ಜಾತಿಯವನಾದರೂ, ಯಾವ ದೇವರಿಗೆ ಕೈ ಮುಗಿಯುವವನಾದರೂ ಉಸ್ತಾದನೇ. ಅದರಲ್ಲಿ ಯಾರಿಗೂ ವಿಚಿತ್ರ ಕಂಡದ್ದಿಲ್ಲ.

ನಾನು ಅವರ ಅಂಗಡಿ ಸೇರಿದ ಕಾಲದಲ್ಲಿ ಎ.ಸಿ. ಬಿಚ್ಚುವುದೆಂದರೆ ಪೈಪು ಸಡಿಲಿಸಿ ಒಳಗಿನ ಗ್ಯಾಸನ್ನು ಗಾಳಿಗೆ ಬಿಡುವುದು. ಬುಸ್ ಎಂದು ಒಂದು ದೊಡ್ಡ ಸದ್ದು ಬರುತ್ತಿತ್ತು. ಆ ಸದ್ದು ಕೇಳಿದರೆ ಗಿರಾಕಿಗೂ ಕೆಲಸ ಶುರುವಾಯಿತೆಂದು ಸಮಾಧಾನ. ಉಸ್ತಾದರಿಗೆ ಮಾತ್ರ ಅದು ಸರಿಬರಲಿಲ್ಲ. ಆಕಾಶಕ್ಕೆ ಕೇಡು, ಮೇಲಾಗಿ ಹಾಗೆ ಬಿಡುವುದು ಕೆಲಸಗಾರನ ಲಕ್ಷಣವಲ್ಲ ಎಂದು ಅವರು ಹೈದರಾಬಾದಿಗೆ ಹೋಗಿ, ಯಾರೋ ಬಳಸಿ ಬಿಟ್ಟ ಒಂದು ರಿಕವರಿ ಮಷಿನ್ ತಂದರು. ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ಆ ಡಬ್ಬಿ ಗುಡುಗುಡು ಎಂದು ಎಮ್ಮೆ ಮೆಲುಕು ಹಾಕಿದಂತೆ ನಡೆಯುತ್ತಿತ್ತು. ಸದ್ದೇ ಬದಲಾದದ್ದರಿಂದ ಊರಿಗೆ ಅನುಮಾನ ಬಂತು. ಉಸ್ತಾದ್ ಗಾಡಿಗಳ ಗ್ಯಾಸು ಕದಿಯುತ್ತಾನೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಮಾತು ಹಬ್ಬಿತು.

ಉಸ್ತಾದರು ಜಗಳಕ್ಕೆ ಹೋಗಲಿಲ್ಲ. ಸಿಲಿಂಡರನ್ನು ತಕ್ಕಡಿಯ ಮೇಲೆ ಇಟ್ಟರು. ಗಾಡಿಯ ಮಾಲೀಕನನ್ನು ಎದುರಿಗೆ ನಿಲ್ಲಿಸಿ, ಎಳೆಯುವ ಮೊದಲಿನ ತೂಕವನ್ನೂ ಎಳೆದ ಮೇಲಿನ ತೂಕವನ್ನೂ ಅವನಿಂದಲೇ ಓದಿಸಿ, ಮದುವೆಯಲ್ಲಿ ಬಂಗಾರ ಒಪ್ಪಿಸುವವರ ಗಾಂಭೀರ್ಯದಲ್ಲಿ ಹೇಳುತ್ತಿದ್ದರು:

“ನೋಡ್ರಿ ಸಾವಕಾರ್ರೆ, ಇದು ನಿಮ್ಮ ಗ್ಯಾಸು. ಚೀಲದಾಗ ಕಟ್ಟಿ ಕೊಡ್ಲ್ಯಾ, ಗಾಡಿಗೇ ಹಾಕ್ಲ್ಯಾ?”

ಅವರ ಇನ್ನೊಂದು ನಿಯಮ ಎರಡು ಚಾ. ವಾಲ್ವು ಮುಚ್ಚಿದ ಮೇಲೆ ಸೂಜಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದಕ್ಕೆ ಅವರು ಗಡಿಯಾರ ಇಡಲಿಲ್ಲ. ಅರ್ಧ ತಾಸು ಎಂದರೆ ಗಿರಾಕಿ ಅದರಲ್ಲೂ ಹತ್ತು ನಿಮಿಷ ಕಡಿಮೆ ಮಾಡಿರೆಂದು ಚೌಕಾಸಿ ಮಾಡುತ್ತಾನೆ. ಕೈಗೆ ಚಾ ಕೊಟ್ಟರೆ ತಾನಾಗಿ ಕೂಡುತ್ತಾನೆ. ಒಂದು ಚಾ ಪೂರ್ತಿ ಮುಗಿದ ಮೇಲೆಯೇ ಎರಡನೆಯದನ್ನು ಹೇಳಬೇಕು. ಎರಡನ್ನೂ ಒಮ್ಮೆಗೇ ತರಿಸುವುದು ಮೋಸ. ಆ ಹೊತ್ತಿನಲ್ಲಿ ಬಾನೆಟ್ಟು ಮುಟ್ಟುವಂತಿಲ್ಲ, ಗಾಡಿಯ ಮಾತು ಆಡುವಂತಿಲ್ಲ. ಎರಡನೆಯ ಕಪ್ಪು ಕೆಳಗಿಟ್ಟ ಮೇಲೆ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಸೂಜಿ ನಿಂತದೇನಪಾ?”

ಮುಂದೆ ಸಕ್ಕರೆ ಕಾಯಿಲೆ ಅವರ ಎರಡೂ ಕಿಡ್ನಿ ತಿಂದಿತು. ಕಣ್ಣನ್ನೂ ಮುಕ್ಕಾಲು ತಿಂದು, ಬೆಳಕು ಕತ್ತಲೆ ತಿಳಿಯುವಷ್ಟು ಉಳಿಸಿತು. ಅಂಗಡಿ ಮುಚ್ಚಿ, ಮಷಿನ್ನನ್ನು ನನ್ನ ಶೆಡ್ಡಿಗೆ ಕಳಿಸಿ, ಔರಾದದಲ್ಲಿ ಹೈಸ್ಕೂಲ್ ಟೀಚರ್ ಆಗಿರುವ ಮಗಳ ಮನೆಗೆ ಹೋದರು. ಈಗ ವಾರಕ್ಕೆ ಎರಡು ಸಲ ಬೀದರಿಗೆ ಬಂದು ನಾಲ್ಕು ತಾಸು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಾರೆ. ಗಾಡಿ ಓಡಿಸುವವಳು ಆ ಮಗಳೇ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ನೀರು ಅಳೆದು ಕೊಡುತ್ತಾರೆ. ಕುಡಿದದ್ದು ಹೊರಗೆ ಹೋಗುವ ದಾರಿ ಮುಚ್ಚಿರುವುದರಿಂದ ಅದು ಎದೆಗೆ ಬಂದು ನಿಲ್ಲುತ್ತದೆ. ಮಗಳು ಒಂದು ಅರ್ಧ ಲೀಟರಿನ ಬಾಟಲಿಗೆ ಪೆನ್ನಿನಿಂದ ಗೀಟು ಎಳೆದಿದ್ದಳು. ಹೋಗುವಾಗ ಬರುವಾಗ ಸೇರಿ ಗೀಟಿನ ತನಕ ಮಾತ್ರ. ಉಳಿದದ್ದು ಮನೆ ಮುಟ್ಟಿದ ಮೇಲೆ, ಮರುದಿನದವರೆಗೆ. ಮೇ ತಿಂಗಳಲ್ಲಿ ಔರಾದದ ರಸ್ತೆಯ ಗಾಳಿಗೆ ಕಿಟಕಿ ತೆರೆದು ಕೂತರೆ ಆರೋಗ್ಯವಂತನ ನಾಲಿಗೆಯೇ ಅಂಗುಳಕ್ಕೆ ಅಂಟುತ್ತದೆ. ಹಾಗಾಗಿ ಅವರ ಕಾರಿನ ಎ.ಸಿ. ಐಷಾರಾಮದ ವಸ್ತುವಲ್ಲ. ಅದು ನಡೆದರೆ ಅವರ ಬಾಯಿ ಒಣಗುವುದಿಲ್ಲ. ಬಾಯಿ ಒಣಗದಿದ್ದರೆ ಬಾಟಲಿಯ ಗೀಟು ಉಳಿಯುತ್ತದೆ. ಗೀಟು ಉಳಿದರೆ ಉಸಿರು ಉಳಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಆ ಎ.ಸಿ. ಕೈಕೊಟ್ಟಿತು. ಮುಂಜಾನೆ ಮಗಳು ತಂದೆಯನ್ನು ದವಾಖಾನೆಗೆ ಬಿಟ್ಟು ಗಾಡಿಯನ್ನು ನನ್ನ ಹತ್ತಿರ ತಂದಳು.

“ಅಣ್ಣಾ, ನಾಲ್ಕು ತಾಸಿನ್ಯಾಗ ಆಗ್ತದೇನು? ಅಪ್ಪ ಹೇಳ್ಯಾರ, ಇದನ್ನ ನೀವೇ ಮಾಡ್ಬೇಕಂತ. ಬ್ಯಾರೆಯವರು ಮುಟ್ಟಿದ್ರ ಅವರು ಗಾಡ್ಯಾಗ ಕುಂದ್ರಂಗಿಲ್ಲಂತ.”

ಆಗ್ತದವ್ವಾ ಎಂದೆ. ಉಳಿದಿದ್ದ ಗ್ಯಾಸನ್ನು ಉಸ್ತಾದರದೇ ಮಷಿನ್ನಿಂದ ಎಳೆದೆ, ತೂಕ ನೋಡಿದೆ. ಡ್ಯಾಶ್‌ಬೋರ್ಡು ಬಿಚ್ಚಿ, ಸೋರುತ್ತಿದ್ದ ಕೂಲಿಂಗ್ ಕಾಯಿಲ್ ತೆಗೆದು ಹೊಸದು ಕೂರಿಸಿದೆ. ಅಲ್ಲಿಯವರೆಗೆ ಎರಡು ತಾಸು. ಪಂಪು ಹಚ್ಚಬೇಕು ಎನ್ನುವಾಗ ಕರೆಂಟು ಹೋಯಿತು. ಒಂದೂವರೆ ತಾಸು ಬರಲಿಲ್ಲ. ಬಂದಾಗ ತಂದೆ ಮಗಳು ಆಟೊದಲ್ಲಿ ಬಂದು ಇಳಿಯಲು ಅರ್ಧ ತಾಸು ಉಳಿದಿತ್ತು.

ಪಂಪಿನ ಕೆಲಸಕ್ಕೆ ಮುಕ್ಕಾಲು ತಾಸು ಬೇಕು. ಒಳಗೆ ಗಾಳಿ ಖಾಲಿಯಾದ ಹಾಗೆ ನೀರು ಒಲೆಯಿಲ್ಲದೆ ಕುದಿದು ಆವಿಯಾಗಿ ಹೊರಬೀಳುತ್ತದೆ, ಆದರೆ ತನ್ನ ಹೊತ್ತಿಗೆ ಬೀಳುತ್ತದೆ, ನಮ್ಮ ಹೊತ್ತಿಗಲ್ಲ. ಆಮೇಲೆ ಎರಡು ಚಾ. ಫೋನು ಮಾಡಿ, ಇನ್ನೊಂದೂವರೆ ತಾಸು ದವಾಖಾನೆಯಲ್ಲೇ ಇರಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ನಾಲ್ಕು ತಾಸು ಸೂಜಿ ಚುಚ್ಚಿಸಿಕೊಂಡು, ಹಿಂಡಿದ ಬಟ್ಟೆಯಂತಾಗಿ ಬರುವ ಉಸ್ತಾದರನ್ನು ಬೆಂಚಿನ ಮೇಲೆ ಕಾಯಿಸುವುದು ಹೇಗೆ? ಅವರ ಎದುರಿಗೆ ನಾನು ಇವತ್ತಿಗೂ ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಹೀಗೆ ಬಹಳ ಭಕ್ತಿಯಿಂದ, ಅವರಿಗಾಗಿಯೇ, ನಾನು ಅವರ ನಿಯಮ ಮುರಿದೆ. ಹದಿನೈದು ನಿಮಿಷ ಪಂಪು ನಡೆಸಿದೆ. ಚಾ ಹೇಳಲಿಲ್ಲ. ಸೂಜಿಯ ಕಡೆ ನೋಡಲೂ ಇಲ್ಲ. ತೂಕ ಮಾಡಿ ಗ್ಯಾಸು ಹಾಕಿ ಎ.ಸಿ. ಶುರು ಮಾಡಿದರೆ ತಣ್ಣಗಿನ ಗಾಳಿ ಬಂತು. ಆ ತಣ್ಣಗಿನ ಗಾಳಿ ನನ್ನ ಮುಖಕ್ಕೆ ಬಡಿದಾಗ ದೇವರೇ ಒಪ್ಪಿಕೊಂಡ ಹಾಗೆ ಅನಿಸಿತು.

ಉಸ್ತಾದರು ಬಂದು ಸೀಟಿನಲ್ಲಿ ಕೂತು, ಗಾಳಿ ಬರುವ ಕಿಂಡಿಯ ಮುಂದೆ ಅಂಗೈ ಹಿಡಿದರು.

“ಸೂಜಿ ನಿಂತಿತ್ತೇನಪಾ?”

“ನಿಂತಿತ್ತರಿ.”

“ಎರಡು ಚಾ?”

“ಹೌದ್ರಿ. ಎರಡು ಚಾ.”

ಅವರು ತಲೆಯಾಡಿಸಿದರು. ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ ನಕ್ಕರು. ಗಾಡಿ ಹೋಯಿತು.

ಮುಂದೆ ನಡೆದದ್ದನ್ನು ಮಗಳು ಆಮೇಲೆ ಹೇಳಿದಳು. ಜನವಾಡ ದಾಟುವವರೆಗೆ ಗಾಡಿಯೊಳಗೆ ಚಳಿಗಾಲ. ಅಲ್ಲಿಂದ ಮುಂದೆ ಕಿಂಡಿಯಿಂದ ಬಿಸಿಗಾಳಿ. ಬಂದ್ ಮಾಡಿ ಸ್ವಲ್ಪ ಬಿಟ್ಟು ಶುರು ಮಾಡಿದರೆ ಮತ್ತೆ ತಣ್ಣಗೆ, ಹತ್ತು ನಿಮಿಷಕ್ಕೆ ಮತ್ತೆ ಬಿಸಿ. ಕೌಠಾದ ಸೇತುವೆ ಬರುವಷ್ಟರಲ್ಲಿ ಮೂರು ಸಲ ಹೀಗಾಯಿತು. ಈ ರೋಗವನ್ನು ನನಗೆ ಹೇಳಿಕೊಟ್ಟವರೇ ಪಕ್ಕದ ಸೀಟಿನಲ್ಲಿದ್ದರು. ಒಳಗೆ ಉಳಿದ ನೀರಿನ ಹನಿ, ಗ್ಯಾಸು ಹೊರಬರುವ ಸಣ್ಣ ಬಾಯಿಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಎ.ಸಿ. ನಿಂತರೆ ಕರಗುತ್ತದೆ, ನಡೆದರೆ ಮತ್ತೆ ಕಟ್ಟುತ್ತದೆ. ಮೂರನೆಯ ಸಲ ಅವರು ಮಗಳಿಗೆ ಹೇಳಿದ್ದು ಇಷ್ಟೇ: “ಬಂದ್ ಮಾಡು. ಕಿಟಕಿ ತಗಿ.”

ಸಂತಪುರ ಮುಟ್ಟುವ ಮೊದಲು ಬಾಟಲಿಯ ಗೀಟು ದಾಟಿತು. ಸಂತಪುರದಲ್ಲಿ ಬಾಟಲಿಯೇ ಮುಗಿಯಿತು. ಅಲ್ಲಿ ಒಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿ ಇನ್ನೊಂದು ತಣ್ಣೀರಿನ ಬಾಟಲಿ ತರಿಸಿದರು. “ಬ್ಯಾಡಂತ ಹೇಳಾಕ ನಂಗ ಬಾಯಿ ಬರ್ಲಿಲ್ಲ ಅಣ್ಣಾ,” ಎಂದಳು ಮಗಳು. “ಸಣ್ಣ ಕೂಸಿನ್ಹಂಗ ಎರಡೂ ಕೈಲೆ ಹಿಡಿದು ಕುಡಿದ್ರು.”

ಮರುದಿನ ಬೆಳಗಾಗುವ ಹೊತ್ತಿಗೆ ಅವರಿಗೆ ಉಸಿರು ಸಿಗದಾಯಿತು. ಬಿಸಿಲೇರುವ ಮೊದಲೇ ಬೀದರಿಗೆ ತಂದು ಸೇರಿಸಿದರು. ಮಗಳು ಫೋನಿನಲ್ಲಿ ಬೈಯಲಿಲ್ಲ. ಎ.ಸಿ. ನಡೆಯಲಿಲ್ಲ, ಅಪ್ಪನಿಗೆ ಆಕ್ಸಿಜನ್ ಹಚ್ಚಿದ್ದಾರೆ, ಅಷ್ಟು ಹೇಳಿ ಇಟ್ಟಳು.

ಅದರ ಮರುದಿನ ನಾನು ಮೋಸಂಬಿ, ಎಳನೀರು ಹಿಡಿದುಕೊಂಡು ದವಾಖಾನೆಗೆ ಹೋದೆ. ಬಾಗಿಲಲ್ಲಿ ನರ್ಸು ಚೀಲದೊಳಗೆ ಇಣುಕಿ ನೋಡಿ ಕೇಳಿದಳು: “ಯಜಮಾನ್ರು ನಿಮಗ ಏನಾಗ್ಬೇಕು?” ನನ್ನ ಉಸ್ತಾದ್ರು ಎಂದೆ. “ಉಸ್ತಾದ್ರ ಮ್ಯಾಲ ಏನರ ಸಿಟ್ಟದೇನ್ರಿ? ಕಿಡ್ನಿ ಇಲ್ಲದವ್ರಿಗಿ ಇವೆರಡೂ ವಿಷ.” ತಪ್ಪು ಮಾಡಿದ ಮನುಷ್ಯ ತಿದ್ದಲು ಹೊರಟಾಗ ಮೊದಲು ಮಾಡುವುದು ಇನ್ನೊಂದು ತಪ್ಪು. ಚೀಲವನ್ನು ಹೊರಗಿನ ಬೆಂಚಿನ ಕೆಳಗೆ ಇಟ್ಟು ಒಳಗೆ ಹೋದೆ.

ಮುಖದ ಮೇಲೆ ಮಾಸ್ಕು. ಎದೆ ಏರಿ ಇಳಿಯುವುದು ಹೊದಿಕೆಯ ಮೇಲಿಂದಲೇ ಕಾಣುತ್ತಿತ್ತು. ನನ್ನ ದನಿ ಕೇಳಿ ಅವರು ಹೊದಿಕೆಯಿಂದ ಕೈ ತೆಗೆದು ಎರಡು ಬೆರಳು ಎತ್ತಿದರು. ಆಕ್ಸಿಜನ್ ಹಚ್ಚಿ ಎರಡನೆಯ ದಿನ ಎನ್ನುತ್ತಿದ್ದಾರೆ ಎಂದು ಮಗಳು ಅರ್ಥ ಹೇಳಿದಳು. ಎರಡು ಏನು ಎಂಬುದು ನನಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಮಂಚದ ಕಬ್ಬಿಣ ಹಿಡಿದುಕೊಂಡು ನಿಂತು, ಆರಾಮಾಗ್ತೀರಿ ಎಂದು ಹೇಳಿ ಬಂದೆ.

ಅವರು ಉಳಿದರು. ಮನೆಗೆ ಹೋಗಿ, ಮುಂದಿನ ಡಯಾಲಿಸಿಸ್ ಮುಗಿಸಿ, ಅಲ್ಲಿಂದ ನೇರವಾಗಿ ನನ್ನ ಶೆಡ್ಡಿಗೆ ಬಂದರು. ಮಗಳು ಗಾಡಿ ಒಳಗೆ ತಂದು ನಿಲ್ಲಿಸಿದಳು. ಅವರು ಅವಳ ಭುಜ ಹಿಡಿದು ಇಳಿದು, “ಕುರ್ಚಿ ಬಾನೆಟ್ ಬಾಜೂಕ ಹಾಕು,” ಎಂದರು. ಹಾಕಿದೆ. ಮಷಿನ್ ಇರುವ ಕಡೆಗೆ ಕೈ ಚಾಚಿ, ಅದರ ತಗಡನ್ನು ಒಮ್ಮೆ ಸವರಿದರು.

“ಉಸ್ತಾದ್,” ಎಂದೆ. “ಅವತ್ತ ನಾ ಸೂಜಿ ನೋಡ್ಲಿಲ್ಲರಿ. ಪಂಪು ಹದಿನೈದೇ ನಿಮಿಷ ಹಚ್ಚಿದ್ದೆ. ಚಾ ಹೇಳೇ ಇಲ್ಲ.”

“ಗೊತ್ತದ. ಜನವಾಡದಾಗೇ ಗೊತ್ತಾಯ್ತು.” ಮಷಿನ್ನಿನ ಮೇಲಿಂದ ಕೈ ತೆಗೆದು ಕೇಳಿದರು: “ಯಾಕ?”

“ಕರೆಂಟು ಹೋಗಿತ್ತರಿ. ನಿಮಗ ಬೆಂಚಿನ ಮ್ಯಾಲ ಕಾಯಸಬಾರದು ಅಂತ.”

ಅವರು ನನಗಲ್ಲ, ಮಷಿನ್ನಿಗೆ ಹೇಳುವ ಹಾಗೆ ಹೇಳಿದರು:

“ದವಾಖಾನ್ಯಾಗ ಒಂದು ಹುಡುಗಿ ಅದಾಳ. ನನಗ ಮಷಿನ್ ಹಚ್ಚೋಕಿ. ಆಕಿಗಿ ನನ್ನ ಮ್ಯಾಲ ಏನೂ ಮರ್ಯಾದಿ ಇಲ್ಲ. ಯಜಮಾನ್ರೆ, ಕೈ ಅಲುಗಾಡಸಬ್ಯಾಡ್ರಿ ಅಂತ ಗದರ್ತಾಳ. ಸಾಕಾಯ್ತವ್ವಾ, ಹದಿನೈದು ನಿಮಿಷ ಮೊದಲ ಬಿಡು ಅಂದ್ರ ಗಡಿಯಾರ ತೋರಸ್ತಾಳ. ಕುರುಡನಿಗಿ ಗಡಿಯಾರ. ಕರೆಂಟು ಹೋದ್ರ ಜನರೇಟರ್ ಹಚ್ಚಿ ನಾಲ್ಕು ತಾಸು ಭರ್ತಿ ಮಾಡಿ ಬಿಡ್ತಾಳ. ಆಕಿ ಹಂಗ ಇರೋದಕ್ಕ ನಾ ಕುರ್ಚಿ ಮ್ಯಾಲ ಕುಂತೀನಿ. ನೀ ಬಾಳ ಮರ್ಯಾದಸ್ಥ.”

ಮಗಳು ಬಾಗಿಲ ಕಡೆ ಮುಖ ತಿರುಗಿಸಿದಳು. ನಾನು ಪೈಪು ಜೋಡಿಸಿದೆ. ನೀಲಿ ಒಂದು ಕಡೆ, ಕೆಂಪು ಒಂದು ಕಡೆ. ಮಷಿನ್ ಗುಡುಗುಡು ಎಂದಾಗ ಉಸ್ತಾದರು ಕಿವಿಯನ್ನು ಅತ್ತ ವಾಲಿಸಿ ಕೂತರು. ಸದ್ದು ತೆಳ್ಳಗಾದ ಮೇಲೆ ನಾನು ಬಂದ್ ಮಾಡಹೊರಟರೆ, “ನಿಂದ್ರು. ಎಣ್ಣ್ಯಾಗಿಂದು ಇನ್ನಾ ಏಳ್ತದ,” ಎಂದರು. ಕಂಪ್ರೆಸರಿನ ಎಣ್ಣೆಯಲ್ಲಿ ಬೆರೆತ ಗ್ಯಾಸು ನಿಧಾನವಾಗಿ ಮೇಲೇಳುತ್ತದೆ. ಐದು ನಿಮಿಷ ಬಿಟ್ಟಾಗ ಸೂಜಿ ಮೇಲೆ ಬಂತು. ಮತ್ತೆ ಎಳೆದೆ.

“ತೂಕ?”

ತಕ್ಕಡಿ ಓದಿದೆ. “ಹಾಕಿದಷ್ಟೂ ಬಂದದರಿ.”

“ಅಂದ್ರ ಸೋರಿಲ್ಲ. ಬರೇ ನೀರು. ಡ್ರೈಯರ್ ಬದಲ್ಸು.”

ತೇವ ಹೀರುವ ಆ ಡಬ್ಬಿಯನ್ನು ಬದಲಿಸಿದೆ. ಪಂಪು ಹಚ್ಚಿದೆ. ಒಂದು ತಾಸು ನಡೆಯಿತು. ಅಷ್ಟೂ ಹೊತ್ತು ಅವರು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ನಿದ್ದೆಯೆಂದು ತಿಳಿದು ಮಗಳು ಸೆರಗಿನಿಂದ ಗಾಳಿ ಹಾಕಿದರೆ, ಪಂಪಿನ ಸದ್ದು ಕೇಳುವುದಿಲ್ಲ, ಸುಮ್ಮನಿರು ಎಂದರು. ನಾನು ವಾಲ್ವು ಮುಚ್ಚಿ ಪಂಪು ನಿಲ್ಲಿಸಿದಾಗ ಕಣ್ಣು ತೆರೆದರು.

“ಚಾ ಹೇಳು.”

ಎದುರಿನ ಹೋಟೆಲಿನಿಂದ ಒಂದು ಕಪ್ಪು ಬಂತು. ಆ ಕಪ್ಪನ್ನು ಹಿಡಿದು ನಾನು ನಿಂತೆ. ದಿನಕ್ಕೆ ಗೀಟು ಎಳೆದು ನೀರು ಕುಡಿಯುವ ಮನುಷ್ಯನ ಮುಂದೆ ಅದನ್ನು ಎತ್ತುವುದು ಹೇಗೆಂದು ತಿಳಿಯಲಿಲ್ಲ.

“ನಿಮ್ಮ ಮುಂದ ಹ್ಯಾಂಗ ಕುಡಿಲ್ರಿ?”

“ಬಾಯಿಲೆ ಕುಡಿ. ಎರಡೂ ನೀನ ಕುಡಿಬೇಕು. ಮೊದಲ ಇತ್ತ ತಾ.”

ಕಪ್ಪನ್ನು ಅವರ ಮೂಗಿನ ಹತ್ತಿರ ಹಿಡಿದೆ. ಉಸಿರು ಎಳೆದುಕೊಂಡರು. “ಇಲಾಚಿ ಹಾಕ್ಯಾನ ಇವತ್ತ,” ಎಂದು ಕಪ್ಪನ್ನು ಮೆಲ್ಲಗೆ ನನ್ನ ಕಡೆ ದೂಡಿದರು.

ನಾನು ಕುಡಿಯತೊಡಗಿದೆ. ಮಗಳು ಅವತ್ತು ಮೊದಲ ಸಲ ಬಾಯಿ ಬಿಟ್ಟಳು: “ಊದಿ ಊದಿ ಕುಡಿರಿ ಅಣ್ಣಾ. ಲಗೂ ಮುಗಿಸಿದ್ರ ಲೆಕ್ಕಕ್ಕ ಇಲ್ಲ.” ಊದಿ ಊದಿ ಕುಡಿದೆ. ನನ್ನ ಜೀವನದಲ್ಲಿ ನಾನು ಸಾವಿರಾರು ಚಾ ಕುಡಿದಿರಬೇಕು. ಒಂದೊಂದು ಗುಟುಕೂ ಗಂಟಲಲ್ಲಿ ಇಳಿಯುವ ಸದ್ದು ಇನ್ನೊಬ್ಬರಿಗೆ ಕೇಳುತ್ತಿದೆ ಎಂದು ತಿಳಿದು ಕುಡಿದದ್ದು ಅವತ್ತೇ. ಮೊದಲನೆಯದು ಮುಗಿದ ಮೇಲೆ ಎರಡನೆಯದನ್ನು ಹೇಳಿದೆ. ಉಸ್ತಾದರು ಒಣ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು, ಅಷ್ಟೇ. ಎರಡನೆಯ ಕಪ್ಪು ಕೆಳಗಿಟ್ಟೆ.

“ಸೂಜಿ ನಿಂತದೇನಪಾ?”

ಗೇಜಿನ ಹತ್ತಿರ ಬಗ್ಗಿದೆ. ಸೂಜಿ ಕದಲಿತ್ತು. ಬಹಳವಿಲ್ಲ, ಒಂದು ಕೂದಲೆಳೆ. ನಾನು ವಾಲ್ವು ಮುಚ್ಚಿದಾಗ ಗೀಟಿನ ಮೇಲಿದ್ದದ್ದು ಈಗ ಗೀಟಿನ ಅಂಚಿಗೆ ಬಂದಿತ್ತು. ಹೊರಗೆ ಬಿಸಿಲು ವಾಲುತ್ತಿತ್ತು. ಉಸ್ತಾದರ ಕಾಲುಗಳು ಕುರ್ಚಿಯ ಮುಂದೆ ಬಾತು ನಿಂತಿದ್ದವು. ಅವರಿಗೆ ಗೇಜು ಕಾಣುವುದಿಲ್ಲ. ಮಗಳಿಗೆ ಅದನ್ನು ಓದಲು ಬರುವುದಿಲ್ಲ. ಮೂರು ಜನರ ನಡುವೆ ಆ ಕೂದಲೆಳೆಯನ್ನು ಬಲ್ಲವನು ನಾನೊಬ್ಬನೇ.

“ಸರಿದದರಿ,” ಎಂದೆ. “ಕೂದಲೆಳಿಯಷ್ಟು.”

ಅವರ ಮುಖದಲ್ಲಿ ಬೇಸರ ಹುಡುಕಿದೆ. ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು, ಹಳೆಯ ಅಂಗಡಿಯಲ್ಲಿ ಕೂಡುತ್ತಿದ್ದಂತೆ.

“ಸರಿದು ನಿಂತದೋ, ಇನ್ನಾ ಸರಿಲತ್ತದೋ?”

ಕಣ್ಣು ಕೀಳದೆ ನೋಡಿದೆ. “ನಿಂತದರಿ.”

“ಸೋರಿದ್ರ ನಿಂದ್ರತಿದ್ದಿಲ್ಲ. ಜರಾ ನೀರು ಉಳದದ. ಮತ್ತ ಹಚ್ಚು ಪಂಪು.”

“ಅಪ್ಪಾ, ಊರು ಮುಟ್ಟೋತನಕ ಹೊತ್ತು ಮುಳಗ್ತದ,” ಎಂದಳು ಮಗಳು.

“ಮುಳಗಲಿ. ನಿನ್ನ ಅಣ್ಣಗ ಇನ್ನೆರಡು ಚಾ ಅವ.”

ಮತ್ತೆ ಪಂಪು, ಮತ್ತೊಂದು ತಾಸು. ಮತ್ತೆ ವಾಲ್ವು ಮುಚ್ಚಿದ್ದು. ಮೂರನೆಯ ಚಾ, ನಾಲ್ಕನೆಯ ಚಾ. ಹೋಟೆಲಿನವನು ನಾಲ್ಕನೆಯದನ್ನು ತಂದಾಗ ಒಬ್ಬನೇ ಕುಡಿಯುವ ನನ್ನನ್ನೂ ಸುಮ್ಮನೆ ಕೂತ ಮುದುಕರನ್ನೂ ನೋಡಿ, ನನಗೆ ಕಿವಿಯಲ್ಲಿ, ಅವರಿಗೂ ಒಂದು ಕೊಡ್ರಲ್ಲ ಎಂದ.

ನಾಲ್ಕನೆಯ ಕಪ್ಪು ಕೆಳಗಿಟ್ಟೆ. ಈ ಸಲ ಅವರು ಕೇಳುವ ಮೊದಲೇ ಬಗ್ಗಿ ನೋಡಿದೆ. ಇನ್ನೊಂದು ಸಲ ನೋಡಿದೆ. ಗೇಜಿನ ಗಾಜಿಗೆ ಬೆರಳಿನಿಂದ ತಟ್ಟಿ ನೋಡಿದೆ.

“ನಿಂತದರಿ ಉಸ್ತಾದ್.”

ಮಗಳು ತಾನೂ ನೋಡೋಣವೆಂದು ಎದ್ದಳು. ಒಮ್ಮೆ ಸುಳ್ಳು ಹೇಳಿದವನ ಮಾತನ್ನು ತಂದೆಯ ಉಸಿರಿನ ವಿಷಯದಲ್ಲಿ ಯಾವ ಮಗಳೂ ಹಾಗೆಯೇ ನಂಬುವುದಿಲ್ಲ. ಉಸ್ತಾದರು ಅವಳ ಸೆರಗಿನ ಸದ್ದು ಕೇಳಿ ಕೈ ಅಡ್ಡ ಹಿಡಿದರು.

“ನೋಡಬ್ಯಾಡ, ಕುಂದ್ರು. ಅಂವ ಹೇಳ್ಯಾನ.”

ತೂಕ ಮಾಡಿ ಗ್ಯಾಸು ಹಾಕಿದೆ. ಅವರು ಕಿಂಡಿಯ ಮುಂದೆ ಅಂಗೈ ಹಿಡಿದು ನೋಡಲೂ ಇಲ್ಲ. ಗಾಡಿ ಹೋದ ಮೇಲೆ ನಾನು ನಾಲ್ಕು ಕಪ್ಪುಗಳನ್ನು ಒಂದರೊಳಗೊಂದು ಇಟ್ಟು ಹೋಟೆಲಿಗೆ ಕೊಟ್ಟು ಬಂದು, ಫೋನು ಮುಂದಿಟ್ಟುಕೊಂಡು ಕೂತೆ. ಜನವಾಡ ಬಂದಿರಬೇಕು ಎಂದುಕೊಂಡೆ. ಕೌಠಾ. ಸಂತಪುರ. ಫೋನು ಬರಲಿಲ್ಲ. ಶೆಡ್ಡಿನ ಬಾಗಿಲು ಎಳೆಯುವಾಗ ಬಂತು.

“ಮುಟ್ಟಿದ್ವಿ ಅಣ್ಣಾ. ಹಾದಿ ಪೂರಾ ಮಲಗಿದ್ರು.”

ಬಾಟಲಿ ಏನಾಯಿತು ಎಂದು ಕೇಳಿದೆ. ಸೀಟಿನ ಕೆಳಗೆ ಹುಡುಕುವ ಸದ್ದು ಕೇಳಿಸಿತು.

“ನೀರು ಗೀಟಿಗಿಂತ ಎರಡು ಬೆರಳು ಮ್ಯಾಲೇ ಅದರಿ,” ಎಂದಳು.